ಸ್ಪಷ್ಟನೆ: ಆ ಪಬ್ಬನ್ನು ಓರೆಯಾಗಿ ಕಟ್ಟಿದ್ದಲ್ಲ

ಒಂದು ಕಡೆಗೆ ವಾಲಿ ನಿಂತ ಇಟ್ಟಿಗೆ ಕಟ್ಟಡದ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ‘ಇಂಗ್ಲೆಂಡಿನ ಹಳ್ಳಿಯ ಪಬ್ಬು, ಬೇಕೆಂದೇ ಓರೆಯಾಗಿ ಕಟ್ಟಿದ್ದಾರೆ, ಈಗಲೂ ಹೋಗಿ ನೋಡಬಹುದು’ ಎಂದು ಅದರ ಜೊತೆ ಬರೆದಿದೆ. ನಾನೂ ನಂಬಿ ಹಂಚಿದ್ದೆ. ಎರಡೂ ಮಾತು ತಪ್ಪು.

ಇದು ಸ್ಟಾಫರ್ಡ್‌ಶೈರಿನ ಹಿಮ್ಲಿ ಹತ್ತಿರದ ‘ಕ್ರೂಕೆಡ್ ಹೌಸ್’. 1765ರಲ್ಲಿ ಕಟ್ಟಿದಾಗ ಇದು ನೆಟ್ಟಗಿದ್ದ ತೋಟದ ಮನೆ. ಅದು ಕಲ್ಲಿದ್ದಲಿನ ಸೀಮೆ. ಕೆಳಗೆ ಗಣಿ ತೋಡಿದ್ದರಿಂದ ನೆಲ ಕುಸಿದು, ಮನೆಯ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 4 ಅಡಿ ಕೆಳಗಿಳಿಯಿತು. 1940ರ ದಶಕದಲ್ಲಿ ಕೆಡವುವ ಮಾತೂ ಬಂದಿತ್ತು. ಆಮೇಲೆ ಆನಿಕೆ ಗೋಡೆ, ಕಬ್ಬಿಣದ ತೊಲೆ ಕೊಟ್ಟು ಉಳಿಸಿದರು. ಒಳಗೆ ನಾಣ್ಯ ಮೇಲಕ್ಕೆ ಉರುಳುವಂತೆ ಕಾಣುತ್ತಿದ್ದುದು ಬರೀ ಕಣ್ಣಿನ ಭ್ರಮೆ. ಸುತ್ತಲಿನ ಗೋಡೆಗಳೇ ವಾಲಿದ್ದವು, ಅಲ್ವಾ?

ಈಗ ನೋಡಲು ಆ ಕಟ್ಟಡವೇ ಇಲ್ಲ. 2023ರ ಆಗಸ್ಟ್ 5ರ ರಾತ್ರಿ ಬೆಂಕಿ ಬಿತ್ತು, ಎರಡೇ ದಿನದಲ್ಲಿ ಕೆಡವಿದರು. ಹಿಂದಿದ್ದ ಹಾಗೇ ಮತ್ತೆ ಕಟ್ಟಬೇಕೆಂದು 2024ರ ಫೆಬ್ರವರಿಯಲ್ಲಿ ಸೌತ್ ಸ್ಟಾಫರ್ಡ್‌ಶೈರ್ ಕೌನ್ಸಿಲ್ ನೋಟಿಸು ಕೊಟ್ಟಿತು. ಇನ್ನೂರೈವತ್ತು ವರ್ಷ ನಿಂತ ಮನೆ ಹೀಗೆ ಹೋಯಿತಲ್ಲ ಎಂದು ನನಗೆ ನಿಜಕ್ಕೂ ನೋವಿದೆ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.