ಆನ್‌ಲೈನ್ ಸಂದರ್ಶನ: ಮೊದಲು ನಿಮ್ಮ ದನಿ ಕೇಳಿಸಲಿ

2020ರ ಲಾಕ್‌ಡೌನ್ ದಿನಗಳಲ್ಲಿ ಪರದೆಗೆ ಬಂದ ಕ್ಯಾಂಪಸ್ ಸಂದರ್ಶನ ಆಮೇಲೆ ಪೂರ್ತಿಯಾಗಿ ಕಾಲೇಜಿಗೆ ಹಿಂದಿರುಗಲೇ ಇಲ್ಲ. ಇಂದಿಗೂ ಎಷ್ಟೋ ಕಂಪನಿಗಳು ಮೊದಲ ಸುತ್ತನ್ನಾದರೂ ಗೂಗಲ್ ಮೀಟ್, ಟೀಮ್ಸ್ ಅಥವಾ ಝೂಮ್‌ನಲ್ಲೇ ಮುಗಿಸುತ್ತವೆ. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಓದುತ್ತಿರುವ ವಿದ್ಯಾರ್ಥಿ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬರದೆ ಸಂದರ್ಶನ ಕೊಡುವಂತಾದದ್ದು ಸಣ್ಣ ಅನುಕೂಲವಲ್ಲ. ಆದರೆ ಇಂತಹ ಸಂದರ್ಶನಗಳನ್ನು ನಡೆಸುತ್ತ ಬಂದಿರುವ ನನಗೆ, ಈ ಮಕ್ಕಳಿಗೆ ಸಿಗುತ್ತಿರುವ ಸಲಹೆಗಳಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತಿದೆ ಎನ್ನಿಸಿದೆ. ಯಾವ ಬಣ್ಣದ ಅಂಗಿ ತೊಡಬೇಕು, ಹಿಂದಿನ ಗೋಡೆ ಹೇಗಿರಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳಿಕೊಡುವವರು ದನಿಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ದನಿಯ ಗುಣಮಟ್ಟ ನಮ್ಮ ತೀರ್ಮಾನವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. 2018ರಲ್ಲಿ ಎರಿನ್ ನ್ಯೂಮನ್ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ವಿಜ್ಞಾನಿಗಳ ಅದೇ ಮಾತನ್ನು ಕೆಟ್ಟ ಧ್ವನಿಯಲ್ಲಿ ಕೇಳಿದವರು ಆ ವಿಜ್ಞಾನಿಯೂ ಅವರ ಸಂಶೋಧನೆಯೂ ಅಷ್ಟೇನೂ ಚೆನ್ನಾಗಿಲ್ಲ ಎಂದು ಅಭಿಪ್ರಾಯಪಟ್ಟರು. 2025ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಉದ್ಯೋಗದ ಆಯ್ಕೆಯನ್ನೇ ವಿಷಯವಾಗಿಟ್ಟುಕೊಂಡು ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ಮಾತು ಒಂದೇ ಆಗಿದ್ದರೂ ಅಗ್ಗದ ಮೈಕಿನಿಂದ ಬಂದಂತೆ ಕೇಳುವ ದನಿಯವರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದು ಕೇಳುಗರಿಗೆ ಅಷ್ಟಾಗಿ ಅನ್ನಿಸಲಿಲ್ಲ. ಇದು ಅನ್ಯಾಯವೇ ಸರಿ. ಆದರೆ ಸಂದರ್ಶಕರಿಗೆ ತಮ್ಮ ಮನಸ್ಸಿನಲ್ಲಿ ಹೀಗಾಗುತ್ತಿದೆ ಎಂಬ ಅರಿವೂ ಇರುವುದಿಲ್ಲವಾದ್ದರಿಂದ, ಎಚ್ಚರ ವಹಿಸಬೇಕಾದವರು ವಿದ್ಯಾರ್ಥಿಗಳೇ. ಕರೆಯಲ್ಲಿ ನಿಮ್ಮ ಮುಖ ನಿಮಗೆ ಕಾಣುತ್ತಲೇ ಇರುತ್ತದೆ. ನಿಮ್ಮ ದನಿ ಆಚೆಯವರಿಗೆ ಹೇಗೆ ಕೇಳುತ್ತಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಹಾಗಾಗಿ ಹಿಂದಿನ ದಿನವೇ, ಸಂದರ್ಶನ ನಡೆಯುವ ಅದೇ ಕೋಣೆಯಲ್ಲಿ, ಅದೇ ಇಯರ್‌ಫೋನ್ ಹಾಕಿಕೊಂಡು ಗೆಳೆಯರೊಬ್ಬರಿಗೆ ಮೀಟ್‌ನಲ್ಲಿ ಕರೆ ಮಾಡಿ, ಎರಡು ನಿಮಿಷದ ಮಾತನ್ನು ರೆಕಾರ್ಡ್ ಮಾಡಿಸಿಕೊಂಡು ಕೇಳಿ ನೋಡಿ.

ಇದಕ್ಕೆ ದುಬಾರಿ ಸಲಕರಣೆಗಳೇನೂ ಬೇಕಾಗಿಲ್ಲ. ತಂತಿಯಿರುವ ಸಾಧಾರಣ ಇಯರ್‌ಫೋನ್ ಸಾಕು. ಬ್ಲೂಟೂತ್ ಇಯರ್‌ಫೋನಿನ ಮೈಕ್ ಚಾಲೂ ಆದಾಗ ಅನೇಕ ಸಾಧನಗಳಲ್ಲಿ ಧ್ವನಿಯ ಗುಣಮಟ್ಟ ತಾನಾಗಿಯೇ ಕೆಳಗಿಳಿಯುತ್ತದೆ. ಮೈಕ್ ಅಂಗಿಯ ಗುಂಡಿಗೆ ಉಜ್ಜದಂತೆ ನೋಡಿಕೊಳ್ಳಬೇಕು. ತಲೆಯ ಮೇಲಿನ ಫ್ಯಾನನ್ನು ಅಷ್ಟು ಹೊತ್ತು ಆರಿಸಿದರೆ ಒಳ್ಳೆಯದು, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಇದು ಕಷ್ಟದ ಮಾತೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಬರಿಗೋಡೆಯ ಕೋಣೆಯಲ್ಲಿ ಮಾತು ಪ್ರತಿಧ್ವನಿಸುತ್ತದೆ. ಹಾಸಿಗೆ, ಬಟ್ಟೆ, ಪರದೆಗಳಿರುವ ಕೋಣೆಯಲ್ಲಿ ತಿಳಿಯಾಗಿ ಕೇಳುತ್ತದೆ. ನೆಟ್‌ವರ್ಕ್ ತೀರಾ ದುರ್ಬಲವಾದರೆ ಅನುಮತಿ ಕೇಳಿ ಕ್ಯಾಮೆರಾ ನಿಲ್ಲಿಸಿ, ಏಕೆಂದರೆ ಝೂಮ್‌ನಂತಹ ಕರೆಗಳಲ್ಲಿ ವಿಡಿಯೋಗೆ ಸೆಕೆಂಡಿಗೆ 600 ಕಿಲೋಬಿಟ್‌ನಷ್ಟಾದರೂ ಬೇಕಾದರೆ ಧ್ವನಿಗೆ 100ಕ್ಕಿಂತ ಕಡಿಮೆ ಸಾಕಾಗುತ್ತದೆ. ಬೆಳಕಿನ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಕಿಟಕಿ ಮುಖದ ಎದುರಿಗಿರಲಿ, ಬೆನ್ನ ಹಿಂದೆ ಬೇಡ.

ಆದರೆ ದನಿ ಸ್ಪಷ್ಟವಾಗಿ ಕೇಳಿದ ಮಾತ್ರಕ್ಕೆ ಆಯಿತೆಂದಲ್ಲ. ಆಡುವ ಮಾತು ನಿಮ್ಮದೇ ಎಂಬ ನಂಬಿಕೆಯೂ ಹುಟ್ಟಬೇಕು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ, ಉತ್ತರವನ್ನು ಅದರಿಂದ ಪಡೆದು ಓದುತ್ತಿದ್ದಾರೇನೋ ಎಂಬ ಅನುಮಾನ ಸಂದರ್ಶಕರ ಮನಸ್ಸಿನಲ್ಲಿ ಸದಾ ಇದ್ದೇ ಇರುತ್ತದೆ. ಪ್ರಶ್ನೆ ಮುಗಿದ ಮೇಲೆ ಕೆಲ ಕ್ಷಣ ಮೌನ, ಕಣ್ಣುಗಳು ಎಡದಿಂದ ಬಲಕ್ಕೆ ಸಾಲು ಸಾಲಾಗಿ ಚಲಿಸುವುದು, ಆಮೇಲೆ ಒಂದೇ ಲಯದಲ್ಲಿ ಹರಿದುಬರುವ ಉತ್ತರ: ಇವು ಎದುರಿಗಿರುವವರಿಗೆ ನೀವಂದುಕೊಂಡದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತವೆ. ಉತ್ತರ ಸರಿಯಿದ್ದರೂ ಆ ಹೊತ್ತಿಗೆ ನಂಬಿಕೆ ಹೋಗಿರುತ್ತದೆ. ಯೋಚಿಸಲು ಸಮಯ ಬೇಕಿದ್ದರೆ ಹಾಗೆಂದೇ ಕೇಳಿ, ಯೋಚಿಸುವುದನ್ನು ಬಾಯಿಬಿಟ್ಟು ಯೋಚಿಸಿ. ಮೊದಲು ಹೀಗೆ ಮಾಡಬಹುದೆನ್ನಿಸಿತು, ಆದರೆ ದತ್ತಾಂಶ ಹೆಚ್ಚಾದರೆ ಇದು ನಿಧಾನವಾಗುತ್ತದೆ ಎಂದು ಪರದೆಯ ಮೇಲೆ ಕೋಡ್ ಬರೆಯುತ್ತ ಹೇಳುವ ಹುಡುಗಿಯ ಕೋಡ್ ಕೊನೆಗೆ ಓಡದಿದ್ದರೂ, ಅವಳ ಜೊತೆ ಕೆಲಸ ಮಾಡಬಹುದೆಂಬ ಭರವಸೆ ನನಗೆ ಮೂಡುತ್ತದೆ.

ಪ್ರಾಜೆಕ್ಟ್ ಕುರಿತ ಪ್ರಶ್ನೆಗಳಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಣ್ಣಿನ ತೇವ ಅಳೆದು ಪಂಪ್ ಚಾಲೂ ಮಾಡುವ ಪ್ರಾಜೆಕ್ಟನ್ನು ನಮ್ಮ ಕಾಲೇಜುಗಳಲ್ಲಿ ಬಹಳ ವಿದ್ಯಾರ್ಥಿಗಳು ಮಾಡಿರುತ್ತಾರೆ. ಅದರ ವಿವರಣೆಯನ್ನು ಯಾರು ಬೇಕಾದರೂ ಕಂಠಪಾಠ ಮಾಡಿಕೊಂಡು ಒಪ್ಪಿಸಬಹುದು. ಆದರೆ ಅಗ್ಗದ ಸೆನ್ಸರಿನ ಲೋಹದ ಕಡ್ಡಿಗಳು ಒದ್ದೆ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಸವೆದು ತಪ್ಪು ಅಳತೆ ತೋರಿಸುತ್ತವೆ, ಅದಕ್ಕೇ ಲೋಹ ಮಣ್ಣಿಗೆ ನೇರವಾಗಿ ತಾಗದ ಕೆಪಾಸಿಟಿವ್ ಸೆನ್ಸರ್ ಬಳಸಿದೆವು ಎನ್ನುವವರು ಆ ಕೆಲಸವನ್ನು ಕೈಯಾರೆ ಮಾಡಿದವರು. ನಿಮ್ಮ ಪ್ರಾಜೆಕ್ಟಿನಲ್ಲಿ ಏನು ಕೆಟ್ಟಿತು, ಅದನ್ನು ಹೇಗೆ ಸರಿಪಡಿಸಿದಿರಿ ಎಂಬುದನ್ನು ಹೇಳಲು ಸಿದ್ಧರಾಗಿರಿ. ಮನೆಯ ಹೊಲದಲ್ಲಿ ಸೆನ್ಸರನ್ನು ಹೂಳಿ ನೋಡಿದ್ದರೆ ಅದನ್ನೂ ಹೇಳಿ, ಸಂಕೋಚಪಡಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಅಳುಕು ಇರುತ್ತದೆ, ಆ ಅಳುಕಿನಿಂದಲೇ ಅವರು ಪರಿಚಯದ ಮಾತುಗಳನ್ನು ಎಲ್ಲಿಂದಲೋ ಎತ್ತಿಕೊಂಡು ಉರುಹೊಡೆಯುತ್ತಾರೆ. ‘ಐ ಆ್ಯಮ್ ಹೇಲಿಂಗ್ ಫ್ರಮ್’ ಎಂದು ಶುರುವಾಗುವ ಪರಿಚಯವನ್ನು ಸಂದರ್ಶಕರು ದಿನವಿಡೀ ಕೇಳಿರುತ್ತಾರೆ. ಸಣ್ಣ ಸಣ್ಣ ವಾಕ್ಯಗಳಲ್ಲಿ, ನಿಧಾನವಾಗಿ, ನಿಮಗೆ ಬರುವ ಇಂಗ್ಲಿಷಿನಲ್ಲೇ ಹೇಳಿ. ಆನ್‌ಲೈನ್ ಕರೆಯಲ್ಲಿ ದನಿ ತುಸು ತಡವಾಗಿ ತಲುಪುವುದರಿಂದ ನಿಧಾನವಾಗಿ ಮಾತನಾಡುವವರಿಗೆ ಅನುಕೂಲವೇ ಹೆಚ್ಚು. ಪ್ರಶ್ನೆ ಮುಗಿದ ಮೇಲೆ ಒಂದು ಕ್ಷಣ ಬಿಟ್ಟು ಶುರು ಮಾಡಿದರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳುವುದಿಲ್ಲ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದರಿಂದ ಯಾರ ಅಂಕವೂ ಕಡಿಮೆಯಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಒಂದೇ ಕೋಣೆಯಲ್ಲಿ ನಾಲ್ವರಿರುವ ಪಿಜಿಯಲ್ಲಿ, ಕರೆಂಟು ಯಾವಾಗ ಹೋಗುತ್ತದೋ ತಿಳಿಯದ ಊರಿನಲ್ಲಿ ಇರುವವರು ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಇದರ ಹೊಣೆಯನ್ನು ಕಾಲೇಜುಗಳು ಹೊರಲೇಬೇಕು. ಸಂದರ್ಶನದ ದಿನಗಳಲ್ಲಿ ಒಂದು ಸದ್ದಿಲ್ಲದ ಕೋಣೆ, ಯುಪಿಎಸ್ ಇರುವ ಕಂಪ್ಯೂಟರ್, ಕೇಬಲ್ ಮೂಲಕ ಬರುವ ಇಂಟರ್ನೆಟ್, ಒಂದು ಹೆಡ್‌ಸೆಟ್ ಇಷ್ಟನ್ನು ಒದಗಿಸಲು ಯಾವ ಕಾಲೇಜಿಗೂ ಹೊರೆಯಾಗುವುದಿಲ್ಲ, ಮತ್ತು ಈಗಾಗಲೇ ಕೋರ್ಸ್ ಮುಗಿಸಿ ಹೋದ ಹಳೆಯ ವಿದ್ಯಾರ್ಥಿಗಳಿಗೂ ಅದರ ಬಾಗಿಲು ತೆರೆದಿರಬೇಕು. ನಿಮ್ಮ ಕಾಲೇಜಿನಲ್ಲಿ ಅದು ಇಲ್ಲದಿದ್ದರೆ ನಾಲ್ಕಾರು ಜನ ಸೇರಿ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಅಲ್ಲಿಯವರೆಗೆ, ಕಂಪನಿಯವರ ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಟ್ಟುಕೊಂಡಿರಿ. ಸಂಪರ್ಕ ಕಡಿದುಹೋದ ಕೂಡಲೇ ಕರೆ ಮಾಡಿ, ಉಳಿದದ್ದನ್ನು ಫೋನಿನಲ್ಲೇ ಮುಂದುವರಿಸಬಹುದೇ ಎಂದು ಕೇಳಿ.