ಕಲ್ಲುಹೂವಿನ ಪ್ಯಾಕೆಟ್‌ನಲ್ಲಿ ಸಿಕ್ಕಿದ ತೊಗಟೆ

ಭಾನುವಾರ ಪಲಾವ್ ಮಾಡೋಣ ಅಂತ ಕಲ್ಲುಹೂವಿನ ಪ್ಯಾಕೆಟ್ ಒಡೆದೆ. ಒಳಗೆ ಉಗುರಿನಷ್ಟಗಲದ ಮರದ ತೊಗಟೆ. ಅದಕ್ಕೆ ಒಂದು ಚೂರು ಕಲ್ಲುಹೂವು ಇನ್ನೂ ಕಚ್ಚಿಕೊಂಡೇ ಇತ್ತು. ಮೇಲೆ ಬೂದಿ ಬಣ್ಣ, ಅಡಿಯಲ್ಲಿ ಕಪ್ಪು, ಅಂಚೆಲ್ಲ ಮುದುಡಿಕೊಂಡಿದೆ. "ತೂಕಕ್ಕೆ ಕಸ ಹಾಕ್ತಾರೆ ಮಾರಾಯ" ಅಂದರು ಅಮ್ಮ.

ನನಗೆ ಮಾತ್ರ ಅದನ್ನು ಬಿಸಾಡಲು ಮನಸ್ಸಾಗಲಿಲ್ಲ. ಹೆಸರು ಕಲ್ಲುಹೂವು. ಆದರೆ ಈ ಚೂರು ಬಂದದ್ದು ಮರದಿಂದ. ಹೂವಂತೂ ಅಲ್ಲವೇ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಸೇರಿ ನಡೆಸುವ ಸಂಸಾರ ಅದು. ಪಾಚಿ ಬಿಸಿಲಲ್ಲಿ ಊಟ ತಯಾರಿಸುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ 1860ರ ದಶಕದಲ್ಲಿ ಇದನ್ನು ಹೇಳಿದಾಗ ಆ ವಿಷಯದ ಪಂಡಿತರೇ ಒಪ್ಪಿರಲಿಲ್ಲ.

ನಮ್ಮ ಅಡಿಕೆ ಮರಗಳ ಮೈಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ ಇರುತ್ತದಲ್ಲ, ಅದೂ ಇದೇ ಬಳಗ. ರೋಗ ಅಂದುಕೊಂಡು ನಮ್ಮ ಚಿಕ್ಕಪ್ಪ ಒಮ್ಮೆ ಕತ್ತಿಯಲ್ಲಿ ಹೆರೆದಿದ್ದರು. ಪಾಪ, ಅದು ಮರದಿಂದ ಏನೂ ಹೀರುವುದಿಲ್ಲ. ಸುಮ್ನೆ ಕೂತಿರುತ್ತದೆ. ಬೇರಿಲ್ಲ, ಬೇಕಾದ್ದೆಲ್ಲ ಮಳೆ ಮತ್ತು ಗಾಳಿಯಿಂದಲೇ. ಹಾಗಾಗಿ ಗಾಳಿಯಲ್ಲಿ ಗಂಧಕದ ಹೊಗೆ ಜಾಸ್ತಿಯಾದರೆ ಇದರ ಬಹಳಷ್ಟು ಜಾತಿಗಳು ಮೊದಲು ಸಾಯುತ್ತವೆ. ಬರೀ ಬಂಡೆಯ ಮೇಲೆ ಮೊದಲು ಕೂರುವುದೂ ಇವೇ. ನಿಧಾನಕ್ಕೆ ಕಲ್ಲನ್ನು ಸವೆಸಿ ಮಣ್ಣಿಗೆ ದಾರಿ ಮಾಡುತ್ತವೆ. ಸೂರಕ್ಕಿ ಇದನ್ನೇ ಜೇಡರ ಬಲೆಯಿಂದ ಗೂಡಿಗೆ ಅಂಟಿಸಿಕೊಳ್ಳುತ್ತದೆ.

ಹಾಗಂತ ಅಡಿಕೆ ಮರದ್ದನ್ನು ಹೆರೆದು ಒಗ್ಗರಣೆಗೆ ಹಾಕಬೇಡಿ! ಎಲ್ಲವೂ ತಿನ್ನುವಂಥದ್ದಲ್ಲ. ಯುರೋಪಿನಲ್ಲಿ ಒಂದು ಹಳದಿ ಜಾತಿಯನ್ನು ತೋಳ ಕೊಲ್ಲುವ ವಿಷಕ್ಕೇ ಬಳಸುತ್ತಿದ್ದರು.

ನನ್ನ ತಕರಾರು ಬೇರೆ. ಇದು ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಮೆಣಸು, ಏಲಕ್ಕಿ ಹಾಗೆ ತೋಟದಲ್ಲಿ ಬೆಳೆದದ್ದಲ್ಲ, ಕಾಡಿನಿಂದ ಕಿತ್ತು ತಂದದ್ದು. ನಾವೋ ಅಂಗಡಿಯಲ್ಲಿ ಜೀರಿಗೆ ಕೇಳಿದಷ್ಟೇ ಸಲೀಸಾಗಿ ಕೇಳುತ್ತೇವೆ. ಬೇಕಾಗುವುದು ಎರಡು ಚೂರು. ಹಾಗೇ ಮೂಸಿದರೆ ಏನೂ ಇಲ್ಲ, ಬಿಸಿ ಎಣ್ಣೆಗೆ ಬಿದ್ದ ಮೇಲೆಯೇ ಆ ಹೊಗೆ-ಮಣ್ಣಿನ ಪರಿಮಳ. ಮುಷ್ಟಿ ಹಾಕಿದರೆ ಪಲಾವ್ ಕಹಿಯಾಗುತ್ತದೆ, ಅಷ್ಟೇ. ಪ್ಯಾಕೆಟ್ ಮೇಲೆ ತೂಕ, ಬೆಲೆ, ತಾರೀಕು ಎಲ್ಲ ಇದೆ. ಯಾವ ಕಾಡಿನದ್ದು ಅಂತ ಬರೆಯಲು ಒಂದು ಸಾಲು ಸಾಕಲ್ವಾ?

ನಿನ್ನೆ ಉಡುಪಿಗೆ ಹೋದಾಗ ಅಂಗಡಿಯವರನ್ನೇ ಕೇಳಿದೆ. "ಘಟ್ಟದ ಮೇಲಿಂದ ಬರ್ತದೆ" ಅಂದರು. ನಮ್ಮವರಿಗೆ ಆಗುಂಬೆ ದಾಟಿದರೆ ಹಿಮಾಲಯದವರೆಗೂ ಘಟ್ಟದ ಮೇಲೆಯೇ!