ಬೀರುವಿನ ಹಿಂದಿನ ಸ್ವಾಮಿಗಳು

"ಸ್ವಾಮಿಗಳು ಬಾಯಿ ತೆರೆದುಕೊಂಡು ನಿಂತುಬಿಟ್ಟರು ಕಣೋ!"

ಹಿಂದಿನ ರೂಮಿನಿಂದ ಅಮ್ಮನ ದನಿ. ಓಡಿದೆ. ನಿಜ. ಟ್ಯಾಬಿನೊಳಗೆ ಸ್ವಾಮಿಗಳು ಬಲಗೈ ಎತ್ತಿ, ಬಾಯಿ ತೆರೆದು, ಒಂದು ಕಣ್ಣು ಅರ್ಧ ಮುಚ್ಚಿ ಕಲ್ಲಾಗಿದ್ದರು. ಹಣೆಯ ಮೇಲೆ ಬಿಳಿ ಚಕ್ರವೊಂದು ಗಿರಗಿರ ತಿರುಗುತ್ತಿತ್ತು.

"ಭರತ ಕಾಡಿಗೆ ಬಂದು ಕಾಲಿಗೆ ಬಿದ್ದ. ಆಗ ರಾಮ ಏನಂದ ಅಂದ್ರೆ, ಅಂತ ಹೇಳಿ ನಿಂತಿದ್ದಾರೆ" ಅಂದಳು.

ರಾಮ ಏನಂದ ಅನ್ನುವುದು 82 ವರ್ಷದ ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪ್ರವಚನವನ್ನು ಲೈವ್ ಆಗಿಯೇ ಕೇಳಬೇಕು. ರೆಕಾರ್ಡಿಂಗ್ ಕೇಳಿದರೆ ಅರ್ಧ ಪುಣ್ಯ ಅಂತ ಅವಳ ಲೆಕ್ಕ.

ಮೂರು ವಾರದಿಂದ ಇದೇ ಕಥೆ. ಈ ಮೂರು ವಾರದಲ್ಲಿ ವೈಫೈ ಬಗ್ಗೆ, ಸಂಸಾರದ ಬಗ್ಗೆ ನನಗೊಂದು ದೊಡ್ಡ ವಿಷಯ ಹೊಳೆದಿದೆ. ಆಮೇಲೆ ಹೇಳುತ್ತೇನೆ.

ಮೊದಲು ಕಸ್ಟಮರ್ ಕೇರ್. ಆ ಹುಡುಗಿ ನಯವಾಗಿ ಮಾತಾಡುತ್ತಾಳೆ, ಕೇಳಿಸಿಕೊಳ್ಳುವುದಿಲ್ಲ. "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್." ಮಾಡಿದೆ. ಮಾಡಿ ಮಾಡಿ ಸ್ವಿಚ್ಚೇ ಸಡಿಲವಾಯಿತು. ಆಮೇಲೆ ಅವಳ ಎರಡನೇ ಮಂತ್ರ: "ನಿಮ್ಮದು 100 ಎಂಬಿಪಿಎಸ್ ಪ್ಲ್ಯಾನ್ ಸಾರ್, 300ಕ್ಕೆ ಹಾಕಿಸ್ಕೊಳ್ಳಿ." ಹಾಲ್‌ನಲ್ಲಿ ಕೂತರೆ ನೂರಕ್ಕೆ ನೂರೂ ಬರುತ್ತಿದೆ ತಾಯಿ, ತೊಂದರೆ ಇರುವುದು ಹಿಂದಿನ ರೂಮಿನಲ್ಲಿ ಅಂದೆ. ಬೀದಿ ಪೈಪು ದಪ್ಪ ಮಾಡಿದರೆ ಹಿತ್ತಲ ನಲ್ಲಿಯಲ್ಲಿ ಕಟ್ಟಿಕೊಂಡ ಕಸ ಹೋಗುತ್ತಾ? ಇಷ್ಟು ಹೇಳಿದ್ದಕ್ಕೆ ಅವಳು "ಬೇರೆ ಏನಾದರೂ ಸಹಾಯ ಬೇಕಾ ಸಾರ್" ಅಂದಳು. ಬೇರೆ ಅಂತೆ! ಮೊದಲನೆಯದು ಎಲ್ಲಮ್ಮ ಆಯಿತು?

ನಾಲ್ಕನೇ ದಿನ ಒಬ್ಬ ಹುಡುಗ ಬಂದ. ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ರೌಟರ್. ಫೈಬರ್ ಅಲ್ಲಿಂದಲೇ ಒಳಗೆ ಬಂದದ್ದು, ಹಾಗಾಗಿ ಅಲ್ಲೇ ಕೂತಿದೆ. ಅವನು ಮೊಬೈಲ್ ಹಿಡಿದು ಹಾಲ್, ಪಡಸಾಲೆ, ನಮ್ಮ ರೂಮು ಎಲ್ಲ ಸುತ್ತಿದ. ಎಲ್ಲ ಕಡೆ ಗೆರೆ ಚೆನ್ನಾಗಿತ್ತು. ಗೋಡೆಯ ಆಚೆ, ಅಮ್ಮನ ಮಂಚದ ಬಳಿ ಹೋದ. ಗೆರೆ ದೊಪ್ಪನೆ ಬಿತ್ತು. ವಾಪಸ್ ಈಚೆ ಬಂದ. ಗೋಡೆಗೆ ಒರಗಿ ನಿಂತಿದ್ದ ನಮ್ಮ ಬೀರುವನ್ನು ಬೆರಳ ಗೆಣ್ಣಿನಲ್ಲಿ ಕುಟ್ಟಿದ. ಟಣ್ ಅಂತು.

"ಇದೇ ಸಾರ್ ವಿಲನ್. ಇಷ್ಟಗಲ ಕಬ್ಬಿಣ ಅಡ್ಡ ನಿಂತ್ರೆ ಸಿಗ್ನಲ್ ಹೆಂಗ್ ಹೋಗುತ್ತೆ? ಆ ಕಡೆ ಸರಿಸಿಬಿಡಿ."

ಸರಿಸಿಬಿಡಿ! ಸ್ಟೂಲು ಸರಿಸಿದ ಹಾಗೆ.

ಆ ಬೀರು ಯಾವುದು ಅಂತ ಪಾಪ ಅವನಿಗೇನು ಗೊತ್ತು. 1979ರಲ್ಲಿ ಅಪ್ಪ ಚೀಟಿ ಎತ್ತಿ ತಂದದ್ದು. ಆಗ ನಾವು ಮೈಸೂರಿನ ಅಗ್ರಹಾರದ ಒಂದು ವಠಾರದಲ್ಲಿದ್ದೆವು. ಸಯ್ಯಾಜಿರಾವ್ ರಸ್ತೆಯಿಂದ ತಳ್ಳುಗಾಡಿಯಲ್ಲಿ ಬಂತು. ಮನೆಯಲ್ಲಿದ್ದ ಎರಡೂ ಜಮಖಾನ ಅದಕ್ಕೆ ಸುತ್ತಿದ್ದರು. ಅಷ್ಟು ಸಾಲದು ಅಂತ ಅಪ್ಪ ದಾರಿಯುದ್ದಕ್ಕೂ ಕನ್ನಡಿಯ ಮೇಲೆ ಅಂಗೈ ಊರಿಕೊಂಡೇ ನಡೆದು ಬಂದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿಕೊಂಡ ಹಾಗೆ. ವಠಾರದ ಓಣಿಯಲ್ಲಿ ಒಂದು ತಿರುವಿತ್ತು. ನಾಲ್ಕು ಜನ ಹೊತ್ತರು, ಓರೆ ಮಾಡಿದರು, ನಿಲ್ಲಿಸಿದರು, ಮಲಗಿಸಿದರು. ಬೀರು ತಿರುಗಲಿಲ್ಲ. ಕತ್ತಲಾಯಿತು. ಗಾಡಿಯವನು ಕೂಲಿ ಇಸಿದುಕೊಂಡು ಹೊರಟೇ ಹೋದ.

ಆ ರಾತ್ರಿ ಬೀರು ಓಣಿಯಲ್ಲೇ ಉಳಿಯಿತು. ಅಮ್ಮ ಅದರ ಪಕ್ಕ ಚಾಪೆ ಹಾಸಿಕೊಂಡು ಮಲಗಿದಳು. ಒಳಗೆ ಏನಿತ್ತು? ಏನೂ ಇಲ್ಲ. ಖಾಲಿ ಬೀರು. ಕೀಲಿಕೈ ಮಾತ್ರ ಅವಳ ಸೆರಗಿನ ತುದಿಯಲ್ಲಿ. ನಾಲ್ಕು ಜನರಿಂದ ಅಲುಗಾಡದ್ದನ್ನು ಕಳ್ಳ ಹೊತ್ತುಕೊಂಡು ಹೋಗುತ್ತಾನಾ ಅಂತ ಅಪ್ಪ ಕೇಳಿದರಂತೆ. "ಅವರಿಗೆ ಅಭ್ಯಾಸ ಇರುತ್ತೆ" ಅಂದಳಂತೆ. ಬೆಳಿಗ್ಗೆ ಬಡಗಿ ಬಂದು ಬಾಗಿಲಿನ ರೆಕ್ಕೆ ಬಿಚ್ಚಿದ ಮೇಲೆ ಒಳಗೆ ಹೋಯಿತು. ಹೋಗುವಾಗ ಎಡಗಡೆ ಒಂದು ಗೀರು ಬಿತ್ತು. ಅದು ನನ್ನ ಚಿಕ್ಕಪ್ಪ ಅವಸರ ಮಾಡಿದ್ದರಿಂದ ಬಿದ್ದದ್ದು. ಚಿಕ್ಕಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಮ್ಮ ಇನ್ನೂ ಕ್ಷಮಿಸಿಲ್ಲ.

1991ರಲ್ಲಿ ಕುವೆಂಪುನಗರದಲ್ಲಿ ಈ ಮನೆಯಾಯಿತು. ಗೃಹಪ್ರವೇಶದ ದಿನ ಮೊದಲು ಹಸು ಬಂತು, ಹಿಂದೆ ಬೀರು ಬಂತು, ಆಮೇಲೆ ನಾವು ಬಂದೆವು. ಅದು ನೈಋತ್ಯದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತಿತು. ಅಂದಿನಿಂದ ಕದಲಿಲ್ಲ. ಮನೆಗೆ ಮೂರು ಸಲ ಬಣ್ಣ ಹೊಡೆಸಿದ್ದೇವೆ. ಮೂರು ಸಲವೂ ಪೇಂಟರ್ ಬೀರುವಿನ ಅಂಚಿನವರೆಗೆ ಬಂದು ಬ್ರಷ್ ಎತ್ತಿದ್ದಾನೆ. ಟಾರ್ಚ್ ಬಿಟ್ಟು ಸಂದಿಯಲ್ಲಿ ಇಣುಕಿದರೆ ಅಲ್ಲಿ ಇನ್ನೂ ಗೃಹಪ್ರವೇಶದ ನೀಲಿ ಸುಣ್ಣ, ಜೊತೆಗೆ ನನ್ನ ತಂಗಿ ಕಳೆದುಹೋಯಿತು ಅಂತ ಒಂದಿಡೀ ದಿನ ಅತ್ತಿದ್ದ ಕೆಂಪು ಕ್ಲಿಪ್ಪು.

ಆಮೇಲೆ ದಕ್ಷಿಣಕ್ಕೆ ಅಮ್ಮನಿಗಾಗಿ ಒಂದು ರೂಮು ಸೇರಿಸಿದೆವು. ಹೀಗಾಗಿ ಬೀರು ಈಗ ರೌಟರಿಗೂ ಅಮ್ಮನಿಗೂ ನಡುವೆ ಸರಿಯಾಗಿ ಬಂದು ನಿಂತಿದೆ. ನಾನು ಬುದ್ಧಿ ಉಪಯೋಗಿಸಿದೆ. "ಅಮ್ಮಾ, ಮನೆ ದಕ್ಷಿಣಕ್ಕೆ ಬೆಳೆದ ಮೇಲೆ ನೈಋತ್ಯವೂ ಆ ಕಡೆ ಹೋಯಿತಲ್ವಾ? ಶಾಸ್ತ್ರದ ಪ್ರಕಾರ ಬೀರು ನಿನ್ನ ರೂಮಿನಲ್ಲಿರಬೇಕು."

ಅಮ್ಮ ಕನ್ನಡಕ ತೆಗೆದಳು. "ಅದು ಶೀಟ್ ಹಾಕಿದ ರೂಮು. ಲೆಕ್ಕಕ್ಕಿಲ್ಲ."

ರೌಟರನ್ನೇ ಸರಿಸಬಹುದಿತ್ತಲ್ಲ ಅನ್ನುತ್ತೀರಿ. ವೈರು ನೆಲದ ಮೇಲೆ ಎಳೆದರೆ ಅಮ್ಮ ಎಡವಿ ಬೀಳುತ್ತಾಳೆ ಅಂತ ಹೆಂಡತಿ, ಗೋಡೆಗೆ ಡ್ರಿಲ್ ಹಾಕಿದರೆ ಮನೆಗೆ ಒಳ್ಳೆಯದಲ್ಲ ಅಂತ ಅಮ್ಮ. ಅತ್ತೆ ಸೊಸೆ ಒಂದೇ ಮಾತಿಗೆ ಬಂದ ಅಪರೂಪದ ಸಂದರ್ಭ, ನಾನು ಕೆಡಿಸಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ತಂದು ಅಮ್ಮನ ಮಂಚದ ಪಕ್ಕದ ಪ್ಲಗ್ಗಿಗೆ ಚುಚ್ಚಿ ಹೋದ. ಸಿಗ್ನಲ್ಲೇ ಬಾರದ ಕಡೆ ಅದನ್ನು ಹಾಕಿದರೆ ಅದಾದರೂ ಏನು ಮಾಡುತ್ತೆ? ಕಿವಿ ಮಂದವಾದವನು ಅರ್ಧ ಕೇಳಿಸಿಕೊಂಡು ಪಕ್ಕದವನಿಗೆ ಜೋರಾಗಿ ಹೇಳಿದ ಹಾಗೆ. ದುಡ್ಡು ಮಾತ್ರ ನನ್ನಿಂದಲೇ ಇಸಿದುಕೊಂಡ.

ಈ ನಡುವೆ ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತು ಎದ್ದಿದೆ. ನನ್ನ ಮೊಬೈಲಿನಲ್ಲಿ 23 ವೈಫೈ ಕಾಣಿಸುತ್ತವೆ. ಎಲ್ಲವೂ ರೇಡಿಯೋ ಅಲೆಗಳ 2.4 ಗಿಗಾಹರ್ಟ್ಸ್ ಎಂಬ ಒಂದೇ ಗೋಮಾಳದಲ್ಲಿ ಮೇಯುತ್ತಿವೆ. ಹಿಂದೆ ಅಪ್ಪ ರೇಡಿಯೋಗೂ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಕಟ್ಟಿ ಬರುತ್ತಿದ್ದರು. ಈ ಗೋಮಾಳಕ್ಕೆ ಮಾತ್ರ 2005ರಲ್ಲಿ ಸರ್ಕಾರವೇ ಲೈಸೆನ್ಸ್ ಬೇಡ ಅಂದುಬಿಟ್ಟಿತು. ಬ್ಲೂಟೂತ್ ಇಲ್ಲೇ, ವೈರಿಲ್ಲದ ಮೌಸ್ ಇಲ್ಲೇ. ಹೆಸರಿಗೆ ಹದಿಮೂರು ಚಾನೆಲ್. ಒಂದಕ್ಕೊಂದು ತಾಗದೆ ಒಟ್ಟಿಗೆ ಕೂರಬಹುದಾದವು 1, 6 ಮತ್ತು 11, ಮೂರೇ ಪಂಕ್ತಿ. ನಮ್ಮ ರೌಟರ್ 3ರಲ್ಲಿ ಕೂತಿತ್ತು. ಛತ್ರದಲ್ಲಿ ಎರಡು ಪಂಕ್ತಿಯ ನಡುವೆ ಎಲೆ ಹಾಕಿಸಿಕೊಂಡ ಹಾಗೆ, ಆ ಕಡೆ ಬಡಿಸುವವನಿಗೂ ಅಡ್ಡ, ಈ ಕಡೆಯವನಿಗೂ ಅಡ್ಡ, ತನ್ನ ಎಲೆಗೆ ಸಾರೂ ಇಲ್ಲ. ಬೀರು ಕುಟ್ಟಿದ ಆ ಹುಡುಗ ಅದನ್ನು 11ಕ್ಕೆ ಹಾಕಿಕೊಟ್ಟ. ಹಾಲ್‌ನಲ್ಲಿ ಇನ್ನೂ ಚೆನ್ನಾಯಿತು. ಅಲ್ಲಿ ಮೊದಲೂ ಚೆನ್ನಾಗಿಯೇ ಇತ್ತು. 5 ಗಿಗಾಹರ್ಟ್ಸ್‌ನಲ್ಲಿ ಗಲಾಟೆ ಕಡಿಮೆ, ಆದರೆ ಅದಕ್ಕೆ ಗೋಡೆ ಕಂಡರಾಗದು, ಅಮ್ಮನ ಹಳೆ ಟ್ಯಾಬಿಗೆ ಅದು ಗೊತ್ತೂ ಇಲ್ಲ.

ಕೊನೆಗೆ ಬೀರು ಗೆದ್ದಿತು. ಅಮ್ಮನೇ ಜಾಗ ಬದಲಾಯಿಸಿದಳು. ಅಡುಗೆಮನೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಟ್ಟೆ. ಗೆರೆ ಪೂರ್ತಿ. ಮೊದಲ ದಿನ ಸ್ವಾಮಿಗಳು ಒಂದೇ ಉಸಿರಿಗೆ ಭರತನನ್ನು ಅಯೋಧ್ಯೆಗೆ ಮುಟ್ಟಿಸಿದರು. ನಾನು ನೆಮ್ಮದಿಯಾಗಿ ಹಾಲ್‌ನಲ್ಲಿ ಕೂತು, ಹೊಳೆದಿತ್ತು ಅಂದೆನಲ್ಲ, ಆ ವಿಷಯವನ್ನು ಬರೆಯಲು ಪೆನ್ನು ತೆಗೆದೆ.

"ಮತ್ತೆ ನಿಂತರು ಕಣೋ!"

ಹೋಗಿ ನೋಡಿದರೆ ಹೆಂಡತಿ ಮೈಕ್ರೋವೇವಿನಲ್ಲಿ ಬೆಳಗಿನ ಅನ್ನ ಬಿಸಿ ಮಾಡುತ್ತಿದ್ದಳು. ಅದೂ 2.4ರ ಆಸುಪಾಸಿನದೇ. ಬಾಗಿಲು ಹಾಕಿದ್ದರೂ ಚೂರು ಸೋರುತ್ತದೆ, ಪಕ್ಕದಲ್ಲೇ ಕೂತ ಟ್ಯಾಬಿಗೆ ಅಷ್ಟು ಸಾಕು. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ರೇಡಿಯೋ ದೂರದರ್ಶಕವಿದೆ. ಅಲ್ಲಿ 1998ರಿಂದ ಆಗಾಗ ಸಿಗುತ್ತಿದ್ದ ಒಂದು ವಿಚಿತ್ರ ಸಂಕೇತದ ಮೂಲ ತಿಳಿಯದೆ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. 2015ರಲ್ಲಿ ಗೊತ್ತಾಯಿತು: ಅಲ್ಲಿನವರು ಊಟ ಬಿಸಿಯಾಗುವ ಮೊದಲೇ ಮೈಕ್ರೋವೇವಿನ ಬಾಗಿಲು ಎಳೆಯುತ್ತಿದ್ದರು. ಅಂಥವರಿಗೇ ಹದಿನೇಳು ವರ್ಷ ಹಿಡಿದಿದೆ, ನನ್ನದು ಇನ್ನೂ ಮೂರೇ ವಾರ ಅಂತ ಅಮ್ಮನಿಗೆ ಹೇಳಿದೆ.

ಅವಳು ಕೇಳಿಸಿಕೊಳ್ಳಲಿಲ್ಲ. ಟ್ಯಾಬನ್ನು ಮಡಿಲಿನಲ್ಲಿ ಮಗುಚಿಕೊಂಡು ಸೊಸೆಯ ಕಡೆ ತಿರುಗಿ ಅಂದಳು:

"ನೀನು ಬಿಸಿ ಮಾಡ್ಕೋ ಪುಟ್ಟಿ. ಎರಡು ನಿಮಿಷ ತಾನೆ, ಅವರು ಕಾಯ್ತಾರೆ. ಹಾಗೇ ಆ ಸಾರನ್ನೂ ಇಟ್ಟುಬಿಡು."